ಕಮಾನು ಕೆಳಗಿಟ್ಟವರು

ನನ್ನ ಬೀರುವಿನಲ್ಲಿ ಹದಿನೇಳು ಪಾಕೆಟ್ ಡೈರಿಗಳಿವೆ. 1975ರಿಂದ 1991ರವರೆಗೆ, ವರ್ಷಕ್ಕೊಂದು. ಮನಸ್ಸಿನ ಮಾತು ಅಂತ ಒಂದು ಸಾಲೂ ಅವುಗಳಲ್ಲಿಲ್ಲ. ‘9ರಿಂದ 1. ಹಾಡು 2. ದುಡ್ಡು ಬಂತು.’ ಇಲ್ಲವೇ, ‘ದುಡ್ಡು ಬರಲಿಲ್ಲ.’ ಅಷ್ಟೆ. ಮೈಸೂರಿನಲ್ಲಿ ಪಿಟೀಲು ಕಲಿತು, 1974ರಲ್ಲಿ ಮದರಾಸಿಗೆ ಹೋಗಿ, ಅಲ್ಲಿ ಪಿಟೀಲಿನವರ ಸಾಲು ಕೋಡಂಬಾಕ್ಕಂ ಸೇತುವೆಗಿಂತ ಉದ್ದವಿದೆ ಎಂದು ಕಂಡ ಮೇಲೆ ಚೆಲ್ಲೊಗೆ ಬದಲಾದವನು ನಾನು. ಚೆಲ್ಲೊ ಎಂದರೆ ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು. ಕನ್ನಡದ್ದೋ ತಮಿಳಿನದೋ ತೆಲುಗಿನದೋ, ಯಾವ ಸಿನಿಮಾ ಆದರೂ ನಮ್ಮ ಕೆಲಸ ಒಂದೇ: ಹಾಡುವವರ ದನಿಯ ಕೆಳಗೆ ಜಮಖಾನೆ ಹಾಸುವುದು. ಜಮಖಾನೆಯನ್ನು ಯಾರೂ ನೋಡುವುದಿಲ್ಲ. ಇಲ್ಲದಿದ್ದರೆ ಮಾತ್ರ ನೆಲ ತಣ್ಣಗಾಗುತ್ತದೆ.

ಈ ಹದಿನೇಳು ವರ್ಷಗಳಲ್ಲಿ ಒಂದು ಸಲವೂ ‘ಬರೋದಿಲ್ಲ’ ಅಂದವನಲ್ಲ. ಜ್ವರ ಇಟ್ಟುಕೊಂಡು ಹೋಗಿದ್ದೇನೆ. ಹಿಂದಿನ ಮೂರು ಕಾಲ್‌ಶೀಟಿನ ಬಾಕಿ ಇಟ್ಟುಕೊಂಡವರು ಕರೆದಾಗಲೂ ಹೋಗಿದ್ದೇನೆ. ಅದಕ್ಕೇ ಇರಬೇಕು, ‘ನುಡಿಸೋದಿಲ್ಲ’ ಅಂದ ಒಬ್ಬ ಚೆಲ್ಲೊವಾದಕರ ಕಥೆ ಇಷ್ಟು ವರ್ಷದಿಂದ ನನ್ನನ್ನು ಬಿಟ್ಟಿಲ್ಲ.

ಅವರ ಹೆಸರು ನನ್ನ ಕಿವಿಗೆ ಬಿದ್ದದ್ದು ಪೆರಂಬೂರಿನಲ್ಲಿ. ನಮ್ಮ ಚೆಲ್ಲೊ ಸೆಕ್ಷನ್‌ನ ಹಿರಿಯರು ಆಂಗ್ಲೋ ಇಂಡಿಯನ್, ರೈಲ್ವೆಯಿಂದ ನಿವೃತ್ತರಾದವರು, ನಮಗೆಲ್ಲ ಅಂಕಲ್. ಒಂದು ಭಾನುವಾರ ಮನೆಗೆ ಕರೆದು ರೆಕಾರ್ಡ್ ಹಾಕಿದರು. ಹಳೆಯ 78ರ ಪ್ಲೇಟುಗಳಿಂದ ಎಲ್‌ಪಿಗೆ ಇಳಿಸಿದ್ದು, ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಸದ್ದು. ಆ ಸದ್ದಿನೊಳಗಿಂದ ಒಂದೇ ಒಂದು ಚೆಲ್ಲೊ ಎದ್ದು ಬಂತು. ಉಳಿದ ವಾದ್ಯಗಳು ಎಲ್ಲಿ ಸೇರಿಕೊಳ್ಳುತ್ತವೋ ಎಂದು ನಾನು ಕಾದೆ. ಮೂರು ನಿಮಿಷ ಆಯಿತು, ನಾಲ್ಕಾಯಿತು. ಯಾರೂ ಬರಲಿಲ್ಲ. “ಅಂಕಲ್, ಮಿಕ್ಕವರೆಲ್ಲಿ?” ಎಂದು ಕೇಳಿದೆ. ಅವರು ಪೈಪಿಗೆ ಹೊಗೆಸೊಪ್ಪು ತುಂಬುತ್ತಾ, “ಇನ್ನು ಯಾರು ಬೇಕೋ ನಿನಗೆ?” ಅಂದರು. ಪೈಪಿನ ಚಟ ಕೂಡ ಆ ರೆಕಾರ್ಡಿನವರಿಂದಲೇ ಬಂದದ್ದೆಂದು ಆಮೇಲೆ ಗೊತ್ತಾಯಿತು.

ರೆಕಾರ್ಡಿನ ಮೇಲಿದ್ದ ಹೆಸರು ಪಾಬ್ಲೊ ಕಸಾಲ್ಸ್. ಅದು ಸ್ಪ್ಯಾನಿಷ್ ರೂಪ. ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ತಾಯಿನುಡಿ ಕತಲಾನಿನಲ್ಲಿ, ಪೌ ಕಸಾಲ್ಸ್ ಎಂದು. ಆ ನುಡಿಯಲ್ಲಿ ‘ಪೌ’ ಎಂದರೆ ಶಾಂತಿ ಎಂತಲೂ ಅರ್ಥವಿದೆ.

ಹುಟ್ಟಿದ್ದು 29 ಡಿಸೆಂಬರ್ 1876ರಂದು, ಬಾರ್ಸಿಲೋನಾದಿಂದ ದಕ್ಷಿಣಕ್ಕಿರುವ ಎಲ್ ವೆಂದ್ರೆಲ್ ಎಂಬ ಊರಿನಲ್ಲಿ. ಅಪ್ಪ ಕಾರ್ಲೆಸ್ ಅಲ್ಲಿನ ಚರ್ಚಿನಲ್ಲಿ ಆರ್ಗನ್ ನುಡಿಸಿ, ಮಕ್ಕಳಿಗೆ ಹಾಡು ಹೇಳಿಕೊಟ್ಟು ಜೀವನ ನಡೆಸುತ್ತಿದ್ದವರು. ತಾಯಿ ಪಿಲಾರ್ ಹುಟ್ಟಿದ್ದು ಸಮುದ್ರದಾಚೆ, ಪೋರ್ಟೊ ರಿಕೊ ದ್ವೀಪದ ಮಾಯಾಗ್ವೆಸ್‌ನಲ್ಲಿ. ಹುಡುಗನಿಗೆ ಪಿಯಾನೊ, ಪಿಟೀಲು, ಆರ್ಗನ್ ಎಲ್ಲವೂ ಮನೆಯಲ್ಲೇ ಬಂದವು. ಚೆಲ್ಲೊ ಬಂದದ್ದು ಬೀದಿಯಿಂದ. ಊರೂರು ಸುತ್ತುವ ಆಟದವರ ಗುಂಪಿನಲ್ಲೊಬ್ಬ ಪೊರಕೆ ಕೋಲಿಗೆ ತಂತಿ ಕಟ್ಟಿ ಬಾರಿಸುವುದನ್ನು ನೋಡಿ ಬಂದು, ತನಗೂ ಅಂಥದ್ದೇ ಬೇಕೆಂದು ಹಟ ಹಿಡಿದ. ಅಪ್ಪನೂ ಊರಿನ ಕ್ಷೌರಿಕರೂ ಸೇರಿ ಒಣಗಿದ ಸೋರೆಬುರುಡೆಗೆ ಕೋಲು ಸಿಕ್ಕಿಸಿ ಒಂದು ತಂತಿ ಎಳೆದು ಕೊಟ್ಟರು ಎನ್ನುತ್ತಾರೆ. ಕಸಾಲ್ಸ್ ಸಾಯುವ ತನಕ ಅದನ್ನು ತಮ್ಮ ಮೊದಲ ಚೆಲ್ಲೊ ಎಂದೇ ಹೇಳುತ್ತಿದ್ದರು.

ಇದನ್ನು ಯೂರೋಪಿನವರು ಬಾಲ್ಯದ ಒಂದು ತಮಾಷೆಯಾಗಿ ಬರೆಯುತ್ತಾರೆ. ನನಗೆ ತಮಾಷೆ ಅನ್ನಿಸುವುದಿಲ್ಲ. ತಂಬೂರಿಯ ಕೊಡ ಸೋರೆಬುರುಡೆಯದು, ವೀಣೆಯ ಮೇಲಿನ ಬುರುಡೆ ಸೋರೆಯದು, ಮನೆಮುಂದೆ ಬರುವ ಏಕತಾರಿಯವನ ಕೈಯಲ್ಲಿರುವುದೂ ಅದೇ. ಇನ್ನು ಕ್ಷೌರಿಕರು! ನಮ್ಮ ಹಳೇ ಮೈಸೂರಿನ ಕಡೆ ಮದುವೆಗೆ, ದೇವಸ್ಥಾನಕ್ಕೆ ವಾಲಗ ಊದುತ್ತಿದ್ದ ಮನೆತನಗಳು ಯಾರವು? ಕತ್ತಿಯೂ ನಾಗಸ್ವರವೂ ಒಂದೇ ಗೂಟಕ್ಕೆ ನೇತುಬಿದ್ದಿರುತ್ತಿದ್ದ ಮನೆಗಳನ್ನು ನಾನು ಕಂಡಿದ್ದೇನೆ. ವೆಂದ್ರೆಲ್ ನನಗೆ ದೂರದ ಊರು ಅನ್ನಿಸದೇ ಇದ್ದದ್ದು ಇದರಿಂದ.

ಹನ್ನೊಂದನೆಯ ವಯಸ್ಸಿನಲ್ಲಿ ಹುಡುಗ ನಿಜವಾದ ಚೆಲ್ಲೊ ಕೇಳಿದ. ಬಾರ್ಸಿಲೋನಾದಿಂದ ಮೂವರ ತಂಡ ಊರಿಗೆ ಬಂದಿತ್ತು, ಚೆಲ್ಲೊದಲ್ಲಿ ಜೋಸೆಪ್ ಗಾರ್ಸಿಯಾ. ಮುಂದೆ 1888ರಲ್ಲಿ ಅದೇ ಗಾರ್ಸಿಯಾ ಹತ್ತಿರ ಪಾಠಕ್ಕೆ ಬಾರ್ಸಿಲೋನಾದ ಮುನಿಸಿಪಲ್ ಸಂಗೀತ ಶಾಲೆಗೆ ಸೇರಿಸಿದರು. ಸೇರಿಸಿದ್ದು ತಾಯಿಯ ಹಟ. ಅಪ್ಪನ ಮನಸ್ಸು ಮಗನನ್ನು ಬಡಗಿ ಕೆಲಸಕ್ಕೆ ಹಾಕುವುದರಲ್ಲಿತ್ತು. ಅಪ್ಪನನ್ನು ಬೈಯುವ ಧೈರ್ಯ ನನಗಿಲ್ಲ. ಸಂಗೀತದಲ್ಲಿ ಹೊಟ್ಟೆ ತುಂಬುವುದು ಎಷ್ಟು ಕಷ್ಟ ಎಂದು ಸಂಗೀತದವನಿಗಲ್ಲದೆ ಇನ್ಯಾರಿಗೆ ಗೊತ್ತು?

ಆ ಕಾಲದಲ್ಲಿ ಚೆಲ್ಲೊ ಪಾಠ ಹೇಗಿತ್ತೆಂದರೆ, ಕಮಾನು ಹಿಡಿದ ಬಲಗೈಯ ಕಂಕುಳಲ್ಲಿ ಒಂದು ಪುಸ್ತಕ ಇಡುತ್ತಿದ್ದರು. ನುಡಿಸುವಾಗ ಪುಸ್ತಕ ಕೆಳಗೆ ಬೀಳಬಾರದು. ಎಂದರೆ ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇರಬೇಕು. ಎಡಗೈ ಕೂಡ ಬಿಗಿ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಲು ಇಡೀ ಹಸ್ತ ಜಾರಬೇಕು, ಜಾರಿದಾಗಲೆಲ್ಲ ತಂತಿಯ ಮೇಲೆ ‘ಸುಂಯ್’ ಅನ್ನುವ ಎಳೆತ. ಹನ್ನೆರಡು ವರ್ಷದ ಹುಡುಗನಿಗೆ ಇದು ಅಸಂಬದ್ಧವೆನಿಸಿತು. ಕಂಕುಳಿನ ಪುಸ್ತಕ ಬಿಟ್ಟ. ತೋಳು ಸಡಿಲವಾಯಿತು. ಹಸ್ತ ಜಾರಿಸುವ ಬದಲು ಬೆರಳನ್ನು ಚಾಚಿ ಸ್ವರ ಮುಟ್ಟುವುದನ್ನು ರೂಢಿಸಿಕೊಂಡ. ಇವತ್ತು ಜಗತ್ತಿನ ಯಾವ ಊರಿನಲ್ಲಿ ಯಾರು ಚೆಲ್ಲೊ ಹಿಡಿದರೂ ಆ ಕೈಯಲ್ಲಿ ಈ ಹುಡುಗನ ಹಟದ ಒಂದು ಪಾಲಿದೆ. ಪೆರಂಬೂರಿನ ಅಂಕಲ್ ನನ್ನ ಮೊಣಕೈಯನ್ನು ಪಕ್ಕೆಯಿಂದ ಎಳೆದು ಬಿಡಿಸಿದಾಗ ಮಾಡುತ್ತಿದ್ದದ್ದೂ ಇದನ್ನೇ.

ಇನ್ನೊಂದು ವಿಷಯವಿದೆ, ಅದನ್ನು ಕರ್ನಾಟಕ ಸಂಗೀತದ ಕಿವಿ ಇರುವವರು ಮಾತ್ರ ತಕ್ಷಣ ಹಿಡಿಯುತ್ತಾರೆ ಅನ್ನುವುದು ನನ್ನ ಜಂಬ. ಪಿಯಾನೊದಲ್ಲಿ ಸ್ವರಸ್ಥಾನಗಳ ನಡುವಿನ ದೂರ ಸಮನಾಗಿ ಹಂಚಿಟ್ಟದ್ದು. ನುಡಿಸುವವರು ಅದನ್ನು ಕದಲಿಸುವಂತಿಲ್ಲ. ಕಸಾಲ್ಸ್ ಹೇಳುತ್ತಿದ್ದದ್ದು, ತಂತಿವಾದ್ಯದವರು ಆ ರಾಜಿಯನ್ನು ತಮ್ಮ ತಲೆಗೆ ಕಟ್ಟಿಕೊಳ್ಳಬೇಕಾಗಿಲ್ಲ ಎಂದು. ಷಡ್ಜಕ್ಕೆ ಏರಲು ಹೊರಟ ನಿಷಾದ ಷಡ್ಜದ ಕಡೆಗೆ ವಾಲಿರಬೇಕು, ಇಳಿಯಲು ಹೊರಟ ಸ್ವರ ಕೆಳಗಿನದರ ಕಡೆಗೆ. ನಾನು ಶಂಕರಾಭರಣದ ನಿಷಾದವನ್ನು ಹಾಗೆಯೇ ಕಲಿತವನು. ಮದರಾಸಿನ ರೆಕಾರ್ಡಿಂಗ್ ಥಿಯೇಟರಿನಲ್ಲಿ ಹಾಗೆ ನುಡಿಸಿದಾಗ ಅರೇಂಜರ್ ಗಾಜಿನಾಚೆಯಿಂದ “ಚೆಲ್ಲೊ, ಶಾರ್ಪ್ ಹೋಗ್ತಿದೆ” ಎಂದು ಕೂಗಿದ್ದರು. ಅವರು ಸರಿಯೇ. ಪಕ್ಕದಲ್ಲಿ ಪಿಯಾನೊ ಇತ್ತು.

ಓದಿನ ಖರ್ಚಿಗೆ ಹುಡುಗ ಗ್ರಾಸಿಯಾ ಬಡಾವಣೆಯ ಕಫೆ ತೋಸ್ತ್‌ನಲ್ಲಿ ರಾತ್ರಿ ನುಡಿಸುತ್ತಿದ್ದ. ದಿನಕ್ಕೆ ನಾಲ್ಕು ಪೆಸೆಟ. ಕಾಫಿ ಕುಡಿಯುವವರಿಗೆ, ಇಸ್ಪೀಟು ಆಡುವವರಿಗೆ ಹಿನ್ನೆಲೆ ಸಂಗೀತ. ಎಂದರೆ ಕಾಲ್‌ಶೀಟೇ. ವಾರಕ್ಕೊಂದು ದಿನ ಶಾಸ್ತ್ರೀಯ ಸಂಗೀತಕ್ಕೆ ಮೀಸಲಿಡುವಂತೆ ಮಾಲೀಕನನ್ನು ಒಪ್ಪಿಸಿದ. ಅದಕ್ಕೆ ಹೊಸ ಕೃತಿಗಳು ಬೇಕಲ್ಲ? 1890ರಲ್ಲಿ ಒಂದು ಮಧ್ಯಾಹ್ನ ಅಪ್ಪ ಮಗ ಇಬ್ಬರೂ ಬಂದರಿನ ಹತ್ತಿರದ ಹಳೇ ಸಂಗೀತದಂಗಡಿಯೊಂದರಲ್ಲಿ ಕಾಗದದ ಕಟ್ಟುಗಳನ್ನು ಕೆದಕುತ್ತಿದ್ದರು. ಬಣ್ಣ ಕಳೆದುಕೊಂಡ, ಮಾಸಿದ ಒಂದು ಕಟ್ಟು ಕೈಗೆ ಬಂತು: ಯೊಹಾನ್ ಸೆಬಾಸ್ಟಿಯನ್ ಬಾಖ್, ಒಂಟಿ ಚೆಲ್ಲೊಗೆ ಆರು ಸ್ವೀಟ್‌ಗಳು.

ಬಾಖ್ ಇವನ್ನು ರಚಿಸಿದ್ದು 1720ರ ಆಸುಪಾಸಿನಲ್ಲಿ. ಅವರ ಕೈಬರಹದ ಪ್ರತಿ ಉಳಿದಿಲ್ಲ. ಹೆಂಡತಿ ಆನಾ ಮಗ್ದಲೇನಾ ಮಾಡಿದ ನಕಲು ಉಳಿದಿದೆ. ಒಂದೊಂದು ಸ್ವೀಟ್‌ನಲ್ಲಿ ಆರು ಭಾಗ. ಮೊದಲು ಪ್ರೆಲ್ಯೂಡ್, ನಮ್ಮ ಆಲಾಪನೆಯ ಅಣ್ಣತಮ್ಮ ಅನ್ನಿ, ಆಮೇಲೆ ಹಳೆಯ ಕುಣಿತದ ಗತಿಗಳು. ತಾಳವಾದ್ಯವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ, ಪಕ್ಕವಾದ್ಯವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇವು ಕಛೇರಿಗೆ ಬರುವ ಸರಕಾಗಿರಲಿಲ್ಲ. ಬೆರಳು ಸಾಧಕಕ್ಕೆ ಬಳಸುತ್ತಿದ್ದರು, ನಮ್ಮಲ್ಲಿ ಅಲಂಕಾರ ಬಳಸುವ ಹಾಗೆ. ಅಪ್ಪಿತಪ್ಪಿ ವೇದಿಕೆಗೆ ತಂದವರು ಒಂದೆರಡು ಭಾಗ ಕಿತ್ತು ನುಡಿಸುತ್ತಿದ್ದರು. ಷೂಮನ್‌ನಂಥವರೇ, ಪಾಪ ಒಂಟಿಯಾಯಿತೆಂದು, ಅದಕ್ಕೆ ಪಿಯಾನೊದ ಜೊತೆ ಬರೆದಿದ್ದರು. ಹದಿಮೂರರ ಹುಡುಗ ಆ ಕಟ್ಟನ್ನು ಎದೆಗವಚಿಕೊಂಡು ಮನೆಗೆ ಬಂದ. ದಿನವೂ ಸಾಧಕ ಮಾಡಿದ. ಒಂದು ಸ್ವೀಟನ್ನು ಇಡಿಯಾಗಿ ಜನರ ಮುಂದೆ ನುಡಿಸುವ ಧೈರ್ಯ ಬರುವ ಹೊತ್ತಿಗೆ ಹನ್ನೆರಡು ವರ್ಷ ಕಳೆದಿತ್ತು.

ಆ ಹನ್ನೆರಡು ವರ್ಷಗಳಲ್ಲಿ ಏರುಪೇರು ಬಹಳ. ಕಫೆಯಲ್ಲಿ ಹುಡುಗನನ್ನು ಕೇಳಿದ ಸಂಗೀತಕಾರ ಅಲ್ಬೆನಿಜ್ ಮ್ಯಾಡ್ರಿಡ್‌ನ ಕೌಂಟ್ ಮಾರ್ಫಿಗೆ ಪತ್ರ ಕೊಟ್ಟರು. ಅಲ್ಲಿ ರಾಣಿ ಮರಿಯಾ ಕ್ರಿಸ್ತೀನಾ ತಿಂಗಳಿಗೆ 250 ಪೆಸೆಟ ಭತ್ಯೆ ಕಟ್ಟಿಸಿದರು. 1895ರಲ್ಲಿ ಹೆಚ್ಚಿನ ಓದಿಗೆ ಬ್ರಸೆಲ್ಸ್‌ಗೆ ಕಳಿಸಿದರು. ಅಲ್ಲಿನ ಚೆಲ್ಲೊ ಪ್ರೊಫೆಸರು ತರಗತಿಯ ಮುಂದೆ ಈ ಸ್ಪೇನಿನ ಪುಟ್ಟವನನ್ನು ಗೇಲಿ ಮಾಡಿದರಂತೆ: ನಿನಗೆ ಎಲ್ಲವೂ ಬರುತ್ತದೆಯೇ, ಇದು ಬರುತ್ತದೆಯೇ, ಅದು ಬರುತ್ತದೆಯೇ ಎಂದು. ಹುಡುಗ ಕೂತು ನುಡಿಸಿದ. ಕೊಠಡಿ ನಿಶ್ಶಬ್ದವಾಯಿತು. ಸೇರಿಕೋ, ಮೊದಲ ಬಹುಮಾನ ನಿನಗೇ ಎಂದರು ಪ್ರೊಫೆಸರು. ಹತ್ತೊಂಬತ್ತು ತುಂಬದ ಹುಡುಗ ಬೇಡವೆಂದು ಎದ್ದು, ಮಾರನೆಯ ದಿನವೇ ಪ್ಯಾರಿಸ್‌ಗೆ ಹೊರಟ. ರಾಣಿಯ ಭತ್ಯೆ ನಿಂತಿತು.

ಮೊದಲ ‘ಇಲ್ಲ’ ಇದು. ಬೆಲೆ ತೆತ್ತವರು ಯಾರು ನೋಡಿ. ಪ್ಯಾರಿಸ್ಸಿನಲ್ಲಿ ತಾಯಿ, ಇಬ್ಬರು ಚಿಕ್ಕ ತಮ್ಮಂದಿರು, ಇವನು. ಇವನು ಒಂದು ನಾಟಕಶಾಲೆಯಲ್ಲಿ ಎರಡನೆಯ ಚೆಲ್ಲೊ ನುಡಿಸುತ್ತಿದ್ದ. ವಾದ್ಯ ಹೊತ್ತು ನಡೆದೇ ಹೋಗುತ್ತಿದ್ದ. ತಾಯಿ ಹೊಲಿಗೆ ಹೊಲಿದರು. ಒಂದು ದಿನ ತಾಯಿ ಮನೆಗೆ ಬಂದಾಗ ಅವರ ಉದ್ದ ಜಡೆ ಇರಲಿಲ್ಲ, ಮಾರಿಬಂದಿದ್ದರು. ಇದನ್ನೆಲ್ಲ ಕಸಾಲ್ಸ್ ಮುಪ್ಪಿನಲ್ಲಿ ಹೇಳಿದ್ದು. ತಾಯಿ ನಕ್ಕು, ಕೂದಲು ತಾನೇ, ಮತ್ತೆ ಬರುತ್ತದೆ ಅಂದರಂತೆ. ನಾನು ಇದನ್ನು ಓದಿದಾಗೆಲ್ಲ ಬ್ರಸೆಲ್ಸ್‌ನ ಹುಡುಗನ ಮೇಲೆ ಸ್ವಲ್ಪ ಸಿಟ್ಟೇ ಬರುತ್ತದೆ.

ಕೀರ್ತಿಯ ವರ್ಷಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಕೀರ್ತಿ ಎಲ್ಲರದೂ ಒಂದೇ ಥರ. 1899ರಲ್ಲಿ ಇಂಗ್ಲೆಂಡ್, ವಿಕ್ಟೋರಿಯಾ ರಾಣಿಯ ಮುಂದೆ ಕಛೇರಿ. ಅದೇ ವರ್ಷ ನವೆಂಬರಿನಲ್ಲಿ ಪ್ಯಾರಿಸ್, ಲಾಮುರೂ ಆರ್ಕೆಸ್ಟ್ರಾದ ಜೊತೆ. 1904ರಲ್ಲಿ ಅಮೆರಿಕದ ಶ್ವೇತಭವನ, ಥಿಯೋಡರ್ ರೂಸ್‌ವೆಲ್ಟ್ ಮುಂದೆ. ಪಿಯಾನೊದಲ್ಲಿ ಕೋರ್ತೊ, ಪಿಟೀಲಿನಲ್ಲಿ ತಿಬೋ, ಚೆಲ್ಲೊದಲ್ಲಿ ಇವರು. ಮೂವರ ಆ ತಂಡಕ್ಕೆ ಸಮನಾದದ್ದು ಬಹುಕಾಲ ಇರಲಿಲ್ಲ. ವೆನಿಸ್‌ನ ಮತ್ತೇವೊ ಗೊಫ್ರಿಲರ್ ಮಾಡಿದ ಚೆಲ್ಲೊ ಒಂದು ಕೈಗೆ ಬಂತು, ಕೊನೆಯವರೆಗೂ ಅದೇ. ಪೋರ್ಚುಗಲ್ಲಿನ ಗಿಲ್ಯರ್ಮಿನಾ ಸುಜಿಯಾ, ತಾನೇ ಮೊದಲ ಸಾಲಿನ ಚೆಲ್ಲೊವಾದಕಿ, ಕೆಲವು ವರ್ಷ ಇವರ ಜೊತೆ ಬಾಳಿದರು. ಬಿಟ್ಟು ಹೋದ ಮೇಲೆ ಆಕೆಯ ಹೆಸರೆತ್ತುವುದನ್ನೂ ಇವರು ಇಷ್ಟಪಡುತ್ತಿರಲಿಲ್ಲ. ಸಂತನೆಂದು ಪಟ ಕಟ್ಟುವವರು ಈ ಪುಟವನ್ನು ಬೇಗ ತಿರುವುತ್ತಾರೆ.

ಒಂದು ಘಟನೆ ಮಾತ್ರ ಬಿಡಲಾರೆ. 1901ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ತಮಾಲ್‌ಪಾಯಿಸ್ ಬೆಟ್ಟದಿಂದ ಇಳಿಯುವಾಗ ಮೇಲಿನಿಂದ ಬಂಡೆ ಉರುಳಿ ಎಡಗೈಯನ್ನು ಜಜ್ಜಿತು. ರಕ್ತ ಸುರಿಯುವ ಬೆರಳುಗಳನ್ನು ನೋಡಿ ಮೊದಲು ಬಂದ ಯೋಚನೆ, ಇನ್ನು ಚೆಲ್ಲೊ ನುಡಿಸಬೇಕಾಗಿಲ್ಲವಲ್ಲ ಎಂಬ ನಿರಾಳ! ಅವರೇ ಹೇಳಿದ್ದು. ಪ್ರತಿ ಕಛೇರಿಗೂ ಮುಂಚೆ ಭಯದಿಂದ ಬೆವರುತ್ತಿದ್ದ ಮನುಷ್ಯ. ಕೈ ಕೆಲವು ತಿಂಗಳಲ್ಲಿ ವಾಸಿಯಾಯಿತು. ಈ ಒಂದು ಮಾತಿಗಾಗಿ ನಾನು ಅವರ ಜಂಬವನ್ನೆಲ್ಲ ಮನ್ನಿಸಿದ್ದೇನೆ. ಥಿಯೇಟರಿನ ಬಾಗಿಲಲ್ಲಿ ಕೆಂಪು ದೀಪ ಹತ್ತಿಕೊಂಡಾಗ ಕರೆಂಟು ಹೋಗಲಿ ದೇವರೇ ಎಂದು ನಾನು ಎಷ್ಟು ಸಲ ಬೇಡಿಕೊಂಡಿದ್ದೇನೋ.

1920ರಲ್ಲಿ ಅವರು ಬಾರ್ಸಿಲೋನಾದಲ್ಲಿ ತಮ್ಮದೇ ಆರ್ಕೆಸ್ಟ್ರಾ ಕಟ್ಟಿದರು. ಜಗತ್ತಿನ ಯಾವ ಊರಲ್ಲಿ ನುಡಿಸಿದರೂ ಸಿಗುತ್ತಿದ್ದ ದುಡ್ಡು ತಂದು ಇದಕ್ಕೆ ಸುರಿದರು. ಊರಿನ ವಾದಕರಿಗೆ ರೂಢಿಗಿಂತ ಹೆಚ್ಚಿನ ಸಂಬಳ ಕೊಟ್ಟರು. ಕೊಟ್ಟರು ಎನ್ನುವ ಕ್ರಿಯಾಪದವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕು ಅನ್ನಿಸುತ್ತದೆ ನನಗೆ. ಇನ್ನೂ ದೊಡ್ಡದು ಕೂಲಿಕಾರರ ಕಛೇರಿ ಸಂಘ. ತಿಂಗಳಿಗೆ 500 ಪೆಸೆಟಕ್ಕಿಂತ ಕಡಿಮೆ ದುಡಿಯುವವರಿಗೆ ಮಾತ್ರ ಪ್ರವೇಶ, ವರ್ಷದ ಚಂದಾ 6 ಪೆಸೆಟ. ಗಿರಣಿಯವರು, ಅಂಗಡಿಯವರು ಭಾನುವಾರ ಬೆಳಿಗ್ಗೆ ಬಂದು ಕೂತು ಬೀಥೋವನ್ ಕೇಳಿದರು. ಧರ್ಮಕ್ಕೆ ಬೇಡ, ಅವರು ಕೊಡಬಲ್ಲ ದುಡ್ಡು ಕೊಟ್ಟೇ ಬರಲಿ ಎಂಬುದು ಕಸಾಲ್ಸ್ ಯೋಚನೆ. ಸಂಘಕ್ಕೆ ಸ್ವಂತ ಪತ್ರಿಕೆಯೂ ಇತ್ತು.

18 ಜುಲೈ 1936ರ ಸಂಜೆ. ಬಾರ್ಸಿಲೋನಾದ ಓರ್ಫಿಯೋ ಕತಲಾದ ಸಭಾಂಗಣದಲ್ಲಿ ಬೀಥೋವನ್ನನ ಒಂಬತ್ತನೆಯ ಸಿಂಫನಿಯ ತಾಲೀಮು. ಮಾರನೆಯ ದಿನ ಕಛೇರಿ. ಕೊನೆಯ ಭಾಗ, ಗಾಯಕರು ದನಿಗೂಡಿಸಬೇಕಾದ ಭಾಗ ಇನ್ನೇನು ಶುರುವಾಗಬೇಕು, ಮಂತ್ರಿಗಳ ಕಡೆಯಿಂದ ಒಬ್ಬ ಓಡಿಬಂದು ಚೀಟಿ ಕೊಟ್ಟ. ಸೈನ್ಯ ದಂಗೆಯೆದ್ದಿದೆ, ಕಛೇರಿ ರದ್ದು, ಎಲ್ಲರೂ ಮನೆ ಸೇರಿ ಎಂದು. ಕಸಾಲ್ಸ್ ಚೀಟಿಯನ್ನು ಎಲ್ಲರಿಗೂ ಓದಿ ಹೇಳಿ, ಈಗ ಹೊರಡುವುದೋ, ಮುಗಿಸಿಯೇ ಹೋಗುವುದೋ, ಮತ್ತೆ ಯಾವಾಗ ಸೇರುತ್ತೇವೋ ಏನೋ ಎಂದು ಕೇಳಿದರು. ಮುಗಿಸೋಣ ಎಂದರು ಎಲ್ಲರೂ. ಮುಗಿಸಿದರು. ಕಣ್ಣೀರಿನಲ್ಲಿ ಬರಹದ ಸ್ವರ ಕಾಣಿಸಲಿಲ್ಲವೆಂದು ಕಸಾಲ್ಸ್ ನೆನೆಯುತ್ತಾರೆ. ಹೊರಗೆ ಬಂದಾಗ ಜನ ಬೀದಿಗೆ ಅಡ್ಡಗಟ್ಟೆ ಹಾಕುತ್ತಿದ್ದರು.

ಅದೇ ವರ್ಷ ನವೆಂಬರಿನಲ್ಲಿ, ಮ್ಯಾಡ್ರಿಡ್ ಮುತ್ತಿಗೆಯಲ್ಲಿರುವಾಗ, ಅರವತ್ತಕ್ಕೆ ತಿಂಗಳಿರುವ ಕಸಾಲ್ಸ್ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಕೂತು ಬಾಖ್‌ನ ಎರಡನೆಯ ಮತ್ತು ಮೂರನೆಯ ಸ್ವೀಟ್ ಧ್ವನಿಮುದ್ರಿಸಿದರು. ಉಳಿದ ನಾಲ್ಕು ಪ್ಯಾರಿಸ್ಸಿನಲ್ಲಿ, 1938 ಮತ್ತು 1939ರ ಜೂನ್‌ನಲ್ಲಿ. ಅಂಕಲ್ ನನಗೆ ಕೇಳಿಸಿದ್ದು ಇವೇ. ಮೇಣದ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷದಷ್ಟು ಜಾಗ. ಕತ್ತರಿಸಿ ಅಂಟಿಸುವ ಸೌಕರ್ಯ ಇಲ್ಲ. ತಪ್ಪಿದರೆ ಮೊದಲಿಂದ. ಹದಿಮೂರನೆಯ ವಯಸ್ಸಿನಿಂದ ಸಾಧಕ ಮಾಡಿದ್ದನ್ನು ತಟ್ಟೆಗೆ ಒಪ್ಪಿಸಲು ನಲವತ್ತಾರು ವರ್ಷ ಕಾದಿದ್ದರು. ಮನವೊಲಿಸಿದವರು ಎಚ್‌ಎಂವಿಯ ಫ್ರೆಡ್ ಗೈಸ್‌ಬರ್ಗ್. ಈ ಗೈಸ್‌ಬರ್ಗ್ ನಮಗೂ ನಂಟರೇ: 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ ಮನುಷ್ಯ. ಆ ಗೌಹರ್ ಜಾನ್ ಕೊನೆಗೆ ನಾಲ್ವಡಿಯವರ ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರು. ಪೆರಂಬೂರಿನ ಆ ಭಾನುವಾರ ಇದು ನನಗೆ ಗೊತ್ತಿರಲಿಲ್ಲ.

1939ರ ಜನವರಿಯಲ್ಲಿ ಬಾರ್ಸಿಲೋನಾ ದಂಗೆಕೋರರ ನಾಯಕ ಫ್ರಾಂಕೊ ಕೈಗೆ ಬಿತ್ತು. ಸುಮಾರು ಐದು ಲಕ್ಷ ಜನ ಚಳಿಯಲ್ಲಿ ಪಿರನೀಸ್ ದಾಟಿ ಫ್ರಾನ್ಸಿಗೆ ಬಂದರು. ಬಂದವರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ, ಕಡಲತೀರದ ಮರಳಿನ ಮೇಲೆ ಕೂಡಿಹಾಕಿದರು. ಫ್ರಾಂಕೊ ಕಡೆಯ ದಂಡನಾಯಕ ಕೇಪೊ ದೆ ಯಾನೊ, ಕಸಾಲ್ಸ್ ಕೈಗೆ ಸಿಕ್ಕರೆ ಎರಡೂ ತೋಳನ್ನು ಮೊಣಕೈಗೆ ಕತ್ತರಿಸುತ್ತೇನೆಂದು ರೇಡಿಯೋದಲ್ಲೇ ಹೇಳಿದ್ದ. ಕಸಾಲ್ಸ್ ನೆಲೆ ನಿಂತದ್ದು ಗಡಿಯಾಚೆಯ ಪ್ರಾದ್ ಎಂಬ ಸಣ್ಣ ಊರಲ್ಲಿ. ಅದೂ ಕತಲಾನ್ ಮಾತಾಡುವ ನೆಲವೇ, ಫ್ರಾನ್ಸಿಗೆ ಸೇರಿದ್ದು. ಎದುರಿಗೆ ಕನಿಗೋ ಶಿಖರ. ಅಲ್ಲಿ ಕೂತು ಶಿಬಿರದವರಿಗಾಗಿ ಜಗತ್ತಿನ ಗೆಳೆಯರಿಗೆಲ್ಲ ಕಾಗದ ಬರೆದರು, ದುಡ್ಡು, ಬಟ್ಟೆ, ಕಾಳು ಸಾಗಿಸಿದರು. ದಿನಕ್ಕೆ ರಾಶಿ ಕಾಗದ. ಬೆರಳು ಸೆಟೆದುಕೊಳ್ಳುವಷ್ಟು.

1940ರಲ್ಲಿ ಜರ್ಮನರು ನುಗ್ಗಿದಾಗ ಹಡಗು ಹತ್ತಲು ಬೋರ್ದೊಗೆ ಹೋದರು. ಅವರು ಹೋಗಬೇಕಾಗಿದ್ದ ‘ಶಾಂಪ್ಲೇನ್’ ಹಡಗು ಸ್ಫೋಟಕ್ಕೆ ಸಿಕ್ಕಿ ಮುಳುಗಿತ್ತು. ವಾಪಸು ಪ್ರಾದ್‌ಗೆ. ಬೇಯಿಸಿದ ಗಡ್ಡೆ, ಸೊಪ್ಪು, ಸೌದೆಯಿಲ್ಲದ ಚಳಿಗಾಲ. ಒಂದು ದಿನ ಜರ್ಮನ್ ಅಧಿಕಾರಿಗಳು ಬಾಗಿಲು ತಟ್ಟಿದರು. ಬೈದಾಡಲು ಬಂದವರಲ್ಲ, ಅವರ ಅಪ್ಪ, ಅಜ್ಜ ಇವರ ಕಛೇರಿ ಕೇಳಿದವರಂತೆ. ಬರ್ಲಿನ್ನಿಗೆ ಬಂದು ನುಡಿಸಿ ಎಂದರು. ಆಗುವುದಿಲ್ಲ ಎಂದರು ಇವರು. ಇಲ್ಲೇ ಸ್ವಲ್ಪ ನುಡಿಸಿ ಎಂದರು. ಭುಜಕ್ಕೆ ವಾತ, ಕಮಾನು ಎತ್ತಲಾರೆ ಎಂದರು. ಶುದ್ಧ ಸುಳ್ಳು. ಅವರು ಹೋದ ಮೇಲೆ ಇವರು ಬಾಖ್ ನುಡಿಸಿರುತ್ತಾರೆ ಅನ್ನುವುದು ನನ್ನ ಊಹೆ, ಎಲ್ಲೂ ಓದಿದ್ದಲ್ಲ.

ಯುದ್ಧ ಮುಗಿಯಿತು. 1945ರ ಬೇಸಿಗೆಯಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್ ಕಿಕ್ಕಿರಿಯಿತು. ಹಿಟ್ಲರ್ ಹೋದ, ಮುಸೊಲಿನಿ ಹೋದ, ಇನ್ನು ಫ್ರಾಂಕೊ ಹೋಗುತ್ತಾನೆ ಎಂದು ಕಸಾಲ್ಸ್ ನಂಬಿದ್ದರು. ಗೆದ್ದ ದೇಶಗಳಿಗೆ ಆ ಆತುರ ಇರಲಿಲ್ಲ. ಬ್ರಿಟನ್ ಸುಮ್ಮನಿತ್ತು. ಅದು ಸ್ಪಷ್ಟವಾದ ದಿನ ಅವರು ಕೊನೆಯ ಕಛೇರಿಗಳನ್ನು ಮುಗಿಸಿ ಪ್ರಾದ್‌ಗೆ ಹೊರಟರು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಕೊಡಲು ಬಂದ ಗೌರವ ಪದವಿಗಳನ್ನು ಬೇಡವೆಂದರು. ಅಮೆರಿಕದಿಂದ ಬಂದ ದೊಡ್ಡ ದೊಡ್ಡ ಮೊತ್ತಗಳನ್ನು ಬೇಡವೆಂದರು. ಸ್ಪೇನಿಗೆ ಸ್ವಾತಂತ್ರ್ಯ ಬರುವ ತನಕ ವೇದಿಕೆ ಹತ್ತುವುದಿಲ್ಲ ಎಂದುಬಿಟ್ಟರು. ಅವರಿಗೆ ಆಗ ಎಪ್ಪತ್ತರ ಹತ್ತಿರ.

ಬೇರೆಯವರು ಇದನ್ನು ರಾಜಕೀಯವಾಗಿ ಅಳೆಯುತ್ತಾರೆ. ಫ್ರಾಂಕೊಗೆ ಇದರಿಂದ ಏನು ನಷ್ಟವಾಯಿತು ಎಂದು ಕೇಳುತ್ತಾರೆ. ಏನೂ ಆಗಲಿಲ್ಲ. ನಾನು ಕೈಯಿಂದ ಅಳೆಯುತ್ತೇನೆ. ಎಪ್ಪತ್ತರ ತಂತಿವಾದಕನಿಗೆ ಒಂದೊಂದು ವರ್ಷವೂ ಬಡ್ಡಿ ಸಮೇತ ಲೆಕ್ಕ. ಬೆರಳ ತುದಿಯ ಜಡ್ಡು ಮೆತ್ತಗಾಗುತ್ತದೆ, ಗಂಟು ನೋಯುತ್ತದೆ, ಕಿವಿ ಹೇಳಿದ್ದನ್ನು ಕೈ ಕೇಳುವುದಿಲ್ಲ. ಉಳಿದಿರುವ ಒಳ್ಳೆಯ ವರ್ಷಗಳು ಬೆರಳೆಣಿಕೆಯವು ಎಂದು ಗೊತ್ತಿದ್ದೂ ಅವುಗಳನ್ನೇ ಎತ್ತಿ ಪಕ್ಕಕ್ಕಿಟ್ಟರು. ಮನೆಯಲ್ಲಿ ಸಾಧಕ ನಿಲ್ಲಿಸಲಿಲ್ಲ. ಬೆಳಿಗ್ಗೆ ಎದ್ದು ಪಿಯಾನೊದಲ್ಲಿ ಬಾಖ್, ಆಮೇಲೆ ಚೆಲ್ಲೊ, ಆಮೇಲೆ ಪಾಠ. ಕಮಾನು ಕೆಳಗಿಟ್ಟದ್ದು ಜನರ ಎದುರಿಗೆ ಮಾತ್ರ.

ಬೆಟ್ಟ ಬರದಿದ್ದರೆ ನಾವೇ ಬರುತ್ತೇವೆ ಎಂದರು ಗೆಳೆಯರು. ಪಿಟೀಲಿನ ಅಲೆಕ್ಸಾಂಡರ್ ಷ್ನೈಡರ್ ಇದರ ಹಿಂದೆ ಬಿದ್ದರು. 1950, ಬಾಖ್ ತೀರಿಕೊಂಡ ಇನ್ನೂರನೆಯ ವರ್ಷ. ಸೆರ್ಕಿನ್, ಐಸಾಕ್ ಸ್ಟರ್ನ್, ಸಿಗೆಟಿ, ಕ್ಲಾರಾ ಹಾಸ್ಕಿಲ್ ಇಂಥವರೆಲ್ಲ ಪ್ರಾದ್ ಎಂಬ ಆ ಪುಟ್ಟ ಊರಿಗೆ ಬಂದಿಳಿದರು. ಜೂನ್ 2ರ ರಾತ್ರಿ ಸೇಂಟ್ ಪಿಯೆರ್ ಚರ್ಚಿನಲ್ಲಿ ಕಸಾಲ್ಸ್ ಒಬ್ಬರೇ ಬಂದು ಕೂತು ಮೊದಲ ಸ್ವೀಟ್ ಶುರುಮಾಡಿದರು. ಚರ್ಚಿನೊಳಗೆ ಚಪ್ಪಾಳೆ ನಿಷಿದ್ಧ. ಮುಗಿದಾಗ ಸಭೆ ಸದ್ದಿಲ್ಲದೆ ಎದ್ದು ನಿಂತಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಅವರು ಇನ್ನೂ ಇಪ್ಪತ್ತಮೂರು ವರ್ಷ ಬದುಕಿದರು, ಪ್ರತಿಜ್ಞೆಗೆ ತೂತುಗಳು ಬಿದ್ದವು. 1955ರ ಕೊನೆಯಲ್ಲಿ ತಾಯಿಯ ದ್ವೀಪ ಪೋರ್ಟೊ ರಿಕೊಗೆ ಹೋದರು, ಅಲ್ಲೇ ನೆಲೆಸಿದರು. ಅದು ಅಮೆರಿಕದ ಆಳ್ವಿಕೆಯ ನೆಲ. ಅಮೆರಿಕ 1953ರಲ್ಲೇ ಫ್ರಾಂಕೊ ಜೊತೆ ಒಪ್ಪಂದ ಮಾಡಿಕೊಂಡಿತ್ತು. 1957ರಲ್ಲಿ ಎಂಬತ್ತರ ಕಸಾಲ್ಸ್ ಶಿಷ್ಯೆ ಮಾರ್ತಾ ಮೊಂತಾನ್ಯೆಸ್ ಅವರನ್ನು ಮದುವೆಯಾದರು, ಆಕೆಗೆ ಇಪ್ಪತ್ತು. 1958ರಲ್ಲಿ ವಿಶ್ವಸಂಸ್ಥೆಯ ಸಭಾಂಗಣದಲ್ಲಿ ನುಡಿಸಿದರು. ಅದು ಅಮೆರಿಕದ ನೆಲವಲ್ಲ, ಎಲ್ಲ ದೇಶಗಳ ನೆಲ ಎಂಬುದು ವಾದ. ಸ್ಪೇನ್ ಅಷ್ಟರಲ್ಲಿ ಆ ಸಂಸ್ಥೆಯ ಸದಸ್ಯನಾಗಿ ಮೂರು ವರ್ಷವಾಗುತ್ತ ಬಂದಿತ್ತು. 13 ನವೆಂಬರ್ 1961ರಂದು ಶ್ವೇತಭವನದಲ್ಲಿ ಕೆನಡಿ ಮುಂದೆ ನುಡಿಸಿದರು. 1904ರ ಕಛೇರಿ ಕೇಳಿದ್ದ ರೂಸ್‌ವೆಲ್ಟರ ಮಗಳು ಆಲಿಸ್ ಅವತ್ತೂ ಸಭೆಯಲ್ಲಿದ್ದರು.

ಅಂಕಲ್‌ಗೆ ಈ ಶ್ವೇತಭವನದ ಕಛೇರಿ ಇಷ್ಟವಿರಲಿಲ್ಲ. “ಮುದುಕ ಸೋತ” ಎನ್ನುತ್ತಿದ್ದರು. ನನಗೆ ಹಾಗನ್ನಿಸುವುದಿಲ್ಲ. ಹದಿನೈದು ವರ್ಷ ಬಾಯಿ ಕಟ್ಟಿದವನು ಒಂದು ತುತ್ತು ತಿಂದರೆ ಉಪವಾಸ ಸುಳ್ಳಾಗುವುದಿಲ್ಲ. ಅಲ್ಲದೆ ಅವರು ಸ್ಪೇನಿನಲ್ಲಿ ಮತ್ತೆಂದೂ ನುಡಿಸಲಿಲ್ಲ.

ದೇಶ ಬಿಟ್ಟಂದಿನಿಂದ ಕಛೇರಿಯ ಕೊನೆಗೆ ಒಂದು ಸಣ್ಣ ಹಾಡು ನುಡಿಸುವುದು ಅವರ ರೂಢಿ: ‘ಹಕ್ಕಿಗಳ ಹಾಡು’, ಕತಲಾನ್ ಜನ ಕ್ರಿಸ್‌ಮಸ್ಸಿಗೆ ಹಾಡುವ ಹಳೆಯ ಜಾನಪದ. 1971ರ ಅಕ್ಟೋಬರ್ 24ರಂದು, ತೊಂಬತ್ತನಾಲ್ಕರಲ್ಲಿ, ವಿಶ್ವಸಂಸ್ಥೆಯಲ್ಲಿ ಅದನ್ನು ನುಡಿಸುವ ಮುಂಚೆ ಎದ್ದು ನಿಂತು ಮಾತಾಡಿದರು. ನಾನು ಕತಲಾನ್, ಬಹಳ ಹಿಂದೆಯೇ ನಮಗೊಂದು ಜನಸಭೆ ಇತ್ತು ಎಂದು ನಡುಗುವ ದನಿಯಲ್ಲಿ ಹೇಳಿ, ನಮ್ಮೂರ ಹಕ್ಕಿಗಳು ಆಕಾಶಕ್ಕೇರಿ ಶಾಂತಿ ಶಾಂತಿ ಎನ್ನುತ್ತವೆ ಎಂದರು. ಫ್ರಾಂಕೊ ಆಳ್ವಿಕೆ ಅವರ ನುಡಿಯನ್ನು ಶಾಲೆಯಿಂದ, ಕಚೇರಿಯಿಂದ ಹೊರಹಾಕಿತ್ತು. ಆ ನುಡಿಯಲ್ಲಿ ಹಕ್ಕಿ ಕೂಗುವುದೂ ಅವರ ಹೆಸರೂ ಒಂದೇ ಪದ.

ಕಸಾಲ್ಸ್ ತೀರಿಕೊಂಡದ್ದು 22 ಅಕ್ಟೋಬರ್ 1973ರಂದು, ಪೋರ್ಟೊ ರಿಕೊದ ಸ್ಯಾನ್ ಹ್ವಾನ್‌ನಲ್ಲಿ. ಹತ್ತು ದಿನಕ್ಕೆ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ನಾನಿನ್ನೂ ಮೈಸೂರಿನಲ್ಲೇ ಇದ್ದೆ, ಹೆಸರಿನ ಮೆರವಣಿಗೆಯಲ್ಲಿ ನಡೆದದ್ದು ನೆನಪಿದೆ. ಸತ್ತ ಚೆಲ್ಲೊವಾದಕರ ಹೆಸರೇ ಕೇಳಿರಲಿಲ್ಲ. ಫ್ರಾಂಕೊ ಇನ್ನೆರಡು ವರ್ಷ ಕಳೆದು ಸತ್ತ. ಆರನೆಯ ವರ್ಷ, 1979ರ ನವೆಂಬರ್ 9ರಂದು, ಕಸಾಲ್ಸ್ ಅಸ್ಥಿಯನ್ನು ಸಮುದ್ರ ದಾಟಿಸಿ ತಂದು ವೆಂದ್ರೆಲ್ ಊರಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ಸೋರೆಬುರುಡೆಯ ಚೆಲ್ಲೊ ಅಲ್ಲಿಂದ ಹತ್ತಿರವೇ, ಸಾಂತ್ ಸಾಲ್ವದೋರ್ ಕಡಲತೀರದ ಅವರ ಮನೆಯಲ್ಲಿದೆ; ಮನೆ ಈಗ ಮ್ಯೂಸಿಯಂ.

ಆ ದಿನ ನಾನೇನು ಮಾಡುತ್ತಿದ್ದೆ ಎಂದು ಮೊನ್ನೆ ಡೈರಿ ತೆಗೆದು ನೋಡಿದೆ. ಶುಕ್ರವಾರ. ‘9ರಿಂದ 1, 2ರಿಂದ 6. ಮಳೆ. ಮೇಲಿನ ತಂತಿ ಕಿತ್ತಿತು, ಅಂಕಲ್ ಕೊಟ್ಟರು. ದುಡ್ಡು ಬರಲಿಲ್ಲ.’